ಆರು ಗಂಟೆಯ ಹಗ್ಗ

ಕಂಪ್ಲಿ ಬಳಿಯ ನಮ್ಮೂರ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದ ಹಿರಿಯರು ಕೈಗಡಿಯಾರ ನೋಡುತ್ತಲೇ ಹಗ್ಗ ಹಿಡಿಯುತ್ತಿದ್ದರು. ಯಾರೇನೇ ಕೇಳಿದರೂ "ಟೈಮ್ ಅಂದ್ರ ಟೈಮ್ರಿ" ಎನ್ನುವರು. ಭತ್ತ ನಾಟಿ ಮಾಡುವ ಹೆಂಗಸರು ಅವರ ಆರರ ಗಂಟೆ ಕೇಳಿಯೇ ಗದ್ದೆಯಿಂದ ಮೇಲೇಳುವುದು.

ಹಂಪಿ ನೋಡಲು ಬಂದಿದ್ದ ನಾಲ್ವರು ವಿದೇಶಿ ಕಲಾವಿದರು ಒಂದು ಸಂಜೆ ಆ ಚರ್ಚಿನಲ್ಲಿ ಯುರೋಪಿನ ಹಳೆಯ ಬರೋಕ್ ಕಾಲದ ಸಂಗೀತ ನುಡಿಸಿದರು. ಸರಿಯಾಗಿ ಆರಕ್ಕೆ ಪಿಟೀಲು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗಾಗಿತ್ತು. ಇನ್ನೇನು ಹಿರಿಯರು ಗಂಟೆ ಬಾರಿಸಿಬಿಡುತ್ತಾರೆಂದು ನಾನು ಅವರತ್ತ ತಿರುಗಿದೆ. ಅವರು ಹಗ್ಗ ಹಿಡಿದರು, ಕಣ್ಣು ಮುಚ್ಚಿದರು, ಎಳೆಯಲಿಲ್ಲ. ಚಪ್ಪಾಳೆ ಮುಗಿದ ಮೇಲೆಯೇ ಗಂಟೆ ಮೊಳಗಿತು.

ಕೆಸರುಗಾಲಲ್ಲೇ ಬಂದ ಹೆಂಗಸೊಬ್ಬಳು, "ಯಾಕ್ರಿ, ಇವತ್ತ ಇಷ್ಟು ತಡ?" ಎಂದಳು.

ಅವರು ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡು ಹೇಳಿದರು: "ನಾಳೆನೂ ನುಡಿಸ್ತಾರವ್ವಾ. ಆರರ ಗಂಟಿ ಐದಕ್ಕ ಹೊಡೀತೀನಿ. ಎಲ್ಲಾರೂ ಬರ್ರಿ."