ಕಟಾವಿನ ವಾರದ ಸಿಂಗಾಪುರ

ನಮ್ಮ ಮನೆಯವರೆಲ್ಲ ಒಟ್ಟಿಗೆ ಊರು ಬಿಟ್ಟು ಹೋಗುವುದೆಂದರೆ ದೊಡ್ಡ ಪಂಚಾಯಿತಿಯೇ ನಡೆಯಬೇಕು. ಕ್ಯಾತನಹಳ್ಳಿಯಲ್ಲಿ ನಮಗೆ ಕಬ್ಬಿನ ಗದ್ದೆ ಇದೆ, ಕೊಟ್ಟಿಗೆ ತುಂಬ ಹಸುಗಳಿವೆ, ಎರಡು ಹೊತ್ತೂ ಡೇರಿಗೆ ಹಾಲು ಹಾಕಬೇಕು. ಮದುವೆಯಾದ ಮೇಲೆ ನಾನೂ ನನ್ನ ಗಂಡನೂ ಹೊರಗೆ ತಂಗಿದ್ದೆಂದರೆ ಧರ್ಮಸ್ಥಳದಲ್ಲಿ ಒಂದು ರಾತ್ರಿ, ಅದೂ ಅತ್ತೆಯವರ ಜೊತೆ.

ನನ್ನ ಗಂಡ ಕೆಟ್ಟವರಲ್ಲ. ನಾನು ಏಳುವಷ್ಟರಲ್ಲಿ ಗದ್ದೆಯಲ್ಲಿರುತ್ತಾರೆ. ಪಾಂಡವಪುರದ ಶಾಲೆಯಲ್ಲಿ ಪಾಠ ಮುಗಿಸಿ ಸ್ಕೂಟಿಯಲ್ಲಿ ನಾನು ಬರುವಷ್ಟರಲ್ಲಿ ಕೊಟ್ಟಿಗೆಯಲ್ಲಿರುತ್ತಾರೆ. ಊಟವಾದರೆ ಕೂತಲ್ಲೇ ತೂಕಡಿಕೆ. ನಮ್ಮಿಬ್ಬರ ಮಾತುಕತೆಯೆಂದರೆ ಬೂಸಾ ಖಾಲಿಯಾಯಿತೇ, ಗ್ಯಾಸ್ ಬಂತೇ, ಇಷ್ಟೇ. ತುಂಬಿದ ಮನೆಯಲ್ಲಿ ಒಬ್ಬಂಟಿಯಾಗಿದ್ದೆ ಅಂದರೆ ಯಾರು ನಂಬುತ್ತಾರೆ? ಇದ್ದೆ. ಹಸುವಿನಿಂದ, ಗದ್ದೆಯಿಂದ, ಅಮ್ಮನಿಂದ ಬಿಡಿಸಿಕೊಂಡು ಬಂದು ಈ ಮನುಷ್ಯ ಒಂದು ನಾಲ್ಕು ದಿನ ನನ್ನವರಾಗಿರಲಿ ಎಂಬ ಆಸೆಗೇ ನಾನು ಸಿಂಗಾಪುರ ಎಂದಿದ್ದು. ಮೈಸೂರೆಂದರೆ ಸಂಜೆ ಹಾಲು ಕರೆಯಲು ವಾಪಸ್ ಬಂದುಬಿಡುತ್ತಾರೆ. ಊಟಿಯೆಂದರೆ ಒಂದು ಫೋನಿಗೆ ಕಾರು ತಿರುಗಿಸುತ್ತಾರೆ. ನಡುವೆ ಸಮುದ್ರವೇ ಇರಬೇಕಿತ್ತು.

"ಮೊಸ್ಳೆ ನೋಡಕ್ಕೆ ಅಲ್ಲಿಗಂಟ ಓಗ್ಬೇಕಾ? ಇಲ್ಲೇ ಪಟ್ಣದ ತಾವು ಬಿದ್ಕೊಂಡವಲ್ಲ!" ಎಂದರು ಅತ್ತೆ, ಅಲ್ಲಿನ ಝೂ ಸುದ್ದಿ ಕೇಳಿ. ಶ್ರೀರಂಗಪಟ್ಟಣ ದಾಟಿದರೆ ಅವರಿಗೆ ಎಲ್ಲವೂ ದುಂದುವೆಚ್ಚ.

ದುಂದು ಮಾಡುವ ಹೆಂಗಸು ನಾನಲ್ಲ. ಸ್ಟಾಫ್ ರೂಮಿನ ಚೀಟಿ ಎತ್ತಿ ಟಿಕೆಟ್ಟಿಗೆ ಇಟ್ಟೆ. ಮಗನಿಗೆ ಎರಡು ವರ್ಷ ತುಂಬಿದರೆ ಅವನಿಗೂ ಸೀಟು ಕೊಳ್ಳಬೇಕು, ಅಷ್ಟರೊಳಗೆ ಹೋದರೆ ತೊಡೆಯ ಮೇಲೆ ಕೂರಿಸಿಕೊಂಡು ಅಗ್ಗದಲ್ಲಿ ಮುಗಿಸಬಹುದು. ಅದಕ್ಕೇ ದಸರಾ ರಜೆಯನ್ನು ಆರಿಸಿದೆ. ರೂಮಿನಲ್ಲಿ ಕೆಟಲ್ ಇರುವ ಹೋಟೆಲು ಹುಡುಕಿದೆ, ಬಿಸಿನೀರು ಸಿಕ್ಕರೆ ರಾಗಿ ಸರಿಯ ಪುಡಿಯಲ್ಲೇ ಅವನ ಹೊಟ್ಟೆ ತುಂಬುತ್ತದೆ. ಐದು ವರ್ಷದ ಮಗಳಿಗೆ ಒಂದು ಝೂ, ಒಂದು ಸಮುದ್ರ. ಗಬ್ಬದ ಹಸು ಕರು ಹಾಕುವ ದಿನವನ್ನೂ ನೋಡಿಕೊಂಡೆ. ಹಾಲು ಕರೆಯಲು ಮೈದುನನನ್ನು ಒಪ್ಪಿಸಿದೆ. ಎಲ್ಲಾ ನಾನೊಬ್ಬಳೇ. "ನೀನೇ ನೋಡ್ಕೊಳಮ್ಮಿ, ನಂಗೇನ್ ಗೊತ್ತಾಯ್ತದೆ" ಎನ್ನುವುದು ಬಿಟ್ಟರೆ ನನ್ನ ಗಂಡನ ಬಾಯಲ್ಲಿ ಬೇರೆ ಮಾತಿಲ್ಲ.

ಪಾಸ್‌ಪೋರ್ಟಿಗೆ ಹೋದಾಗ ಅವರ ಬೆರಳು ಮಿಷನ್ನಿಗೆ ಬೀಳಲಿಲ್ಲ. ಹುಟ್ಟಿದಾಗಿನಿಂದ ಕಬ್ಬು, ಕುಡುಗೋಲು, ಹಗ್ಗ ಹಿಡಿದ ಕೈ, ಗೆರೆಗಳೆಲ್ಲ ಸವೆದಿವೆ. ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲೂ ಅವರ ಹೆಬ್ಬೆಟ್ಟು ಬೀಳುವುದಿಲ್ಲ, ಅಕ್ಕಿಗೆ ಅತ್ತೆಯೇ ಹೋಗಬೇಕು. ಕೌಂಟರಿನ ಹುಡುಗಿ ಬಟ್ಟೆಯಿಂದ ಒರೆಸಿ ಒರೆಸಿ ಮತ್ತೆ ಇಡಿಸಿದಳು. ಹಿಂದೆ ಸಾಲಿನಲ್ಲಿದ್ದವರು ಲೊಚಗುಟ್ಟಿದರು. ಇವರ ಹೊಸ ಶರ್ಟು ಬೆವರಿನಲ್ಲಿ ತೊಯ್ದುಹೋಯಿತು. ಕೊನೆಗೂ ಹೇಗೋ ಬಿತ್ತು. ದಾರಿಯಲ್ಲಿ ನಾನು ತಮಾಷೆ ಮಾಡಿಕೊಂಡು ಬಂದೆ, ಅವರು ನಗಲಿಲ್ಲ.

ಆಮೇಲೊಂದು ಭಾನುವಾರ ಜಗಲಿಯಲ್ಲಿ ಕೂತು ಫೋನಿನಲ್ಲಿ ಓದಿ ಹೇಳುತ್ತಿದ್ದೆ. "ಸಿಂಗಾಪುರದಲ್ಲಿ ಇಳಿದ ತಕ್ಷಣ ಹೆಬ್ಬೆರಳು ಒತ್ತಬೇಕಂತೆ ರೀ, ಆಮೇಲೇ ಒಳಗೆ ಬಿಡೋದಂತೆ."

"ಅಲ್ಲೂವಾ?" ಎಂದರು. ಅಷ್ಟೇ.

ಅವತ್ತಿನಿಂದ ದಿನಾ ಊಟವಾದ ಮೇಲೆ ಕೈಗೆ ಕೊಬ್ಬರಿ ಎಣ್ಣೆ ಉಜ್ಜಿಕೊಳ್ಳತೊಡಗಿದರು. "ಇದ್ಯಾರ್ಲಾ ಈ ಮನೇಲಿ ಎಣ್ಣೆ ಕುಡೀತಿರೋರು?" ಎಂದು ಅತ್ತೆ ಬಾಟಲಿ ಎತ್ತಿ ಅಲ್ಲಾಡಿಸಿದರು. ಫೋಟೋದಲ್ಲಿ ಕೈ ಬೆಳ್ಳಗೆ ಕಾಣಲೆಂದು ನಿಮ್ಮ ಮಗ ಶೃಂಗಾರ ಮಾಡಿಕೊಳ್ಳುತ್ತಿದ್ದಾರೆ ಎಂದು ನಾನು ಛೇಡಿಸಿದೆ. ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ನನಗಾಗಿಯೇ ಉಜ್ಜುತ್ತಿದ್ದಾರೆ ಅಂದುಕೊಂಡಿದ್ದೆ.

ಹೊರಡಲು ಒಂದು ವಾರವಿತ್ತು. ಹಿತ್ತಲಲ್ಲಿ ಕಾಲು ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದರು. "ಕಡಿಯೋರು ಬತ್ತಾವ್ರೆ ಕಣಮ್ಮಿ. ಈಗ ಬುಟ್ರೆ ಇನ್ಯಾವಾಗ್ ಬತ್ತಾರೋ. ನೀವು ಓಗ್ಬುಟ್ಟು ಬನ್ನಿ."

ಅದಕ್ಕೆ ಎದುರು ಮಾತು ನಮ್ಮ ಸೀಮೆಯಲ್ಲಿಲ್ಲ. ಕಬ್ಬು ಕಡಿಯುವ ತಂಡ ಬಳ್ಳಾರಿ ಕಡೆಯಿಂದ ಬಂದು ಸರದಿಯ ಮೇಲೆ ಒಬ್ಬೊಬ್ಬರ ಗದ್ದೆಗೆ ಇಳಿಯುತ್ತದೆ. ಸರದಿ ತಪ್ಪಿದರೆ ಕಬ್ಬು ನಿಂತಲ್ಲೇ ಒಣಗಿ ತೂಕ ಇಳಿಯುತ್ತದೆ, ವರ್ಷದ ದುಡಿಮೆ ಹೋಯಿತು. ಕಟಾವಿಗಾಗಿ ನಿಶ್ಚಿತಾರ್ಥವನ್ನೇ ಮುಂದಕ್ಕೆ ಹಾಕಿದವರನ್ನು ಕಂಡಿದ್ದೇನೆ. ಟಿಕೆಟ್ಟಿನ ಹಣ ವಾಪಸ್ಸು ಬರುವಂತಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ವಿಮಾನದಲ್ಲಿ ಮಗ ನನ್ನ ತೊಡೆಯ ಮೇಲೆ ಕೂರಲೇ ಇಲ್ಲ. ಖಾಲಿ ಬಿದ್ದಿದ್ದ ಅವನ ಅಪ್ಪನ ಸೀಟಿನಲ್ಲಿ ಕಾಲು ಚಾಚಿ ಮಲಗಿದ. ನಾನು ಲೆಕ್ಕ ಹಾಕಿ ಹಾಕಿ ಉಳಿಸಿದ ದುಡ್ಡಿಗೆ ಮಣ್ಣು ಬಿತ್ತು. ಇಳಿದಾಗ ಸಾಲಿನಲ್ಲಿ ನಮ್ಮ ಮುಂದೆ ಒಬ್ಬರು ಮುದುಕರಿದ್ದರು. ಅವರ ಹೆಬ್ಬೆರಳೂ ಬೀಳಲಿಲ್ಲ. ಅಧಿಕಾರಿ ಎರಡು ಸಲ ನೋಡಿದ, ಪಾಸ್‌ಪೋರ್ಟು ತಿರುವಿದ, ಹೋಗಿ ಎಂದು ಕೈ ಬೀಸಿದ. ನಾನು ಅದನ್ನು ನೋಡಿದೆ, ಮಗ ಅಳುತ್ತಿದ್ದ, ಮರೆತೆ.

ಸಮುದ್ರದ ದಡದಲ್ಲಿ ಒಬ್ಬಾಕೆ ತಾನಾಗಿಯೇ ಬಂದು, ಫೋಟೋ ತೆಗೆಯುತ್ತೇನೆ, ನಿಮ್ಮವರನ್ನೆಲ್ಲ ಕರೆಯಿರಿ ಎಂದು ಸನ್ನೆ ಮಾಡಿದಳು. ಇಷ್ಟೇ ಜನ ಎಂದೆ. ಮಗಳು ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು. ಹತ್ತಿರ ಬಾ ಎಂದು ಗದರಿದೆ. ಅಯ್ಯೋ, ಅಂಥ ಒಂಟಿತನ ಕೊಟ್ಟಿಗೆಯ ಪಕ್ಕದಲ್ಲೂ ನನಗೆ ಆಗಿರಲಿಲ್ಲ.

ವಾಪಸ್ಸು ಬಂದ ಎರಡನೆಯ ದಿನ, ಕಡಿಯುವ ತಂಡದ ಮೇಸ್ತ್ರಿಯ ಹೆಂಡತಿ ಮಜ್ಜಿಗೆಗೆ ಬಂದಳು. "ಆರಾಮ ಬಂದ್ರೇನ್ರೀ ಅಕ್ಕಾರ? ಹ್ವಾದ ವಾರದ ಪಾಳಿ ಚಿನಕುರಳಿ ಊರವರದಿತ್ರೀ. ನಿಮ್ಮದು ಮುಂದಿನ ವಾರ ಕಡಿತೀವಿ ಅಂದ್ವಿ. ನಿಮ್ಮ ಯಜಮಾನ್ರು ಕೇಳಬೇಕಲ್ಲ, ಈಗ ಬರ್ರಿ, ಈಗ ಬರ್ರಿ ಅಂತ ಗಂಟುಬಿದ್ರು."

ಮಜ್ಜಿಗೆ ಚೊಂಬನ್ನು ಅವಳ ಕೈಗೆ ತುರುಕಿ ಕೊಟ್ಟಿಗೆಗೆ ನುಗ್ಗಿದೆ. ಅವರು ಹಾಲು ಕರೆಯುತ್ತಿದ್ದರು.

"ನನ್ನ ಜೊತೆ ನಾಲ್ಕು ದಿನ ಇರೋದು ಅಷ್ಟು ಬೇಡವಾಗಿತ್ತಾ ನಿಮಗೆ?"

ಅವರು ಟವೆಲ್ಲಿಗೆ ಕೈ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದು ಹೆಬ್ಬೆರಳು ಒತ್ತಿದರು. ಅದು ಗುರ್ ಎಂದಿತೇ ಹೊರತು ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದರು.

"ದಿನಾ ಎಣ್ಣೆ ಉಜ್ಜಿ ನೋಡ್ದೆ ಕಣಮ್ಮಿ. ಬೀಳಕಿಲ್ಲ. ಅಲ್ಲಿ ಬಾಗ್ಲಲ್ಲೇ ನಿಲ್ಸ್‌ಬುಟ್ಟಿದ್ರೆ? ಮಗ್ಳು ನೋಡ್ತಾ ನಿಂತಿರೋಳು." ಫೋನನ್ನು ಜೇಬಿಗೆ ಹಾಕಿಕೊಂಡು ಕೇಳಿದರು. "ಬುಡ್ತಿದ್ರಾ?"

ಆ ಮುದುಕರು ಆಗ ನೆನಪಾದರು. ಬೀಸಿದ ಆ ಕೈ ನೆನಪಾಯಿತು. ಒಂದು ತಿಂಗಳು ನನ್ನ ಪಕ್ಕದಲ್ಲೇ ಕೂತು ಎಣ್ಣೆ ಉಜ್ಜಿದ ಮನುಷ್ಯ ನನಗೊಂದು ಮಾತು ಹೇಳಿರಲಿಲ್ಲ. ನಾನು ಈಗ ನಿಜ ಹೇಳಿದರೆ, ಸಮುದ್ರದ ದಡದ ಆ ಖಾಲಿ ಜಾಗ ಪೂರ್ತಿ ಅವರ ತಲೆಯ ಮೇಲೆ ಬೀಳುತ್ತಿತ್ತು.

"ಇಲ್ಲ ರೀ, ಭಾಳ ಸ್ಟ್ರಿಕ್ಟು," ಎಂದೆ. "ಬರದಿದ್ದುದೇ ಒಳ್ಳೇದಾಯ್ತು."

ಅವರ ಮುಖ ಹಗುರವಾಯಿತು. "ನಾನ್ ಯೋಳ್ಳಿಲ್ವಾ," ಎನ್ನುತ್ತ ಮತ್ತೆ ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಇನ್ನು ಯಾವ ದೇಶಕ್ಕೂ ಅವರನ್ನು ಕರೆಯುವ ಬಾಯಿ ನನಗೆ ಉಳಿಯಲಿಲ್ಲ.