ಕಾಯಿ ನೀರು ಕುಡಿದ ಡೆಕ್ಕು

ನಂಬದೆ ಇದ್ದು ತೋರಿಸಿ, ನೋಡೋಣ. ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿಗೆ ಜೀವ ಬರಿಸಬಲ್ಲವನು ನಾನೊಬ್ಬನೇ. ಅಂಥ ಟ್ರ್ಯಾಕ್ಟರು ಈ ಸೀಮೆಯಲ್ಲಿ ಇನ್ನೊಂದು ಇಲ್ಲವಲ್ಲ ಎಂದು ನೀವು ಅನ್ನಬಹುದು. ಅದು ಹೊಟ್ಟೆಕಿಚ್ಚಿನ ಮಾತು.

ಬಸವಕಲ್ಯಾಣದ ಹೊರಗೆ ರಸ್ತೆಗೆ ಹತ್ತಿದಂತೆ ಒಂದು ಮದುವೆ ಹಾಲ್ ಇದೆ. ಅದರ ಮುಂದಿನ ಹುಲ್ಲುಹಾಸು ನಾನು ಬೆಳೆಸಿದ್ದು. ನಮ್ಮ ಕಡೆ ತೊಗರಿ ಬೆಳೆಯುವವರು ಬೇಕಾದಷ್ಟು ಜನ. ತಿನ್ನಲು ಬಾರದ್ದನ್ನು ಬೆಳೆದು ಹೊಗಳಿಸಿಕೊಂಡವನು ನಾನು. ಮೋರಖಂಡಿಯ ಬೀಗರೊಬ್ಬರಿಗೆ ಇದರ ಬೀಜ ಕಾಬೂಲಿನದು ಅಂದಿದ್ದೆ. ಪಾಪ, ಅವರು ಹುಲ್ಲು ಹಾಳಾದೀತೆಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಊಟಕ್ಕೆ ಹೋದರು.

ಹುಲ್ಲು ಕತ್ತರಿಸಲು ಹೈದರಾಬಾದಿನಿಂದ ತಂದ ಹಳೆಯ ಪುಟ್ಟ ಟ್ರ್ಯಾಕ್ಟರಿತ್ತು. ಅದರ ಹೊಟ್ಟೆಯ ಕೆಳಗೆ ಬಾಣಲೆ ಬೋರಲು ಹಾಕಿದಂತೆ ಕಬ್ಬಿಣದ ಡೆಕ್ಕು. ಡೆಕ್ಕಿನೊಳಗೆ ತಿರುಗುವ ಬ್ಲೇಡುಗಳು. ಇಂಜಿನ್ ಕೊನೆಯವರೆಗೂ ಗಟ್ಟಿಯಾಗಿತ್ತು. ಡೆಕ್ಕನ್ನು ತಿಂದದ್ದು ಭಕ್ತಿ.

ಮದುವೆ ಹಾಲ್‌ನ ಒಡತಿಯನ್ನು ನಾವೆಲ್ಲ ಅವ್ವಾರು ಅನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ಇಡೀ ವ್ಯವಹಾರ ತಾವೇ ಹಿಡಿದ ಗಟ್ಟಿಗಿತ್ತಿ. ಖಂಡೆಪೂಜೆಯ ದಿನ, ಅಂದರೆ ದಸರೆಯ ಆಯುಧಪೂಜೆಗೆ, ಜನರೇಟರಿಗೆ, ನೀರಿನ ಮೋಟರಿಗೆ ಬರೀ ಕುಂಕುಮ ಹಚ್ಚುತ್ತಿದ್ದರು. ಟ್ರ್ಯಾಕ್ಟರಿನ ಮೇಲೆ ಮಾತ್ರ ಅವರಿಗೆ ವಿಶೇಷ ಪ್ರೀತಿ; ತೆಂಗಿನಕಾಯಿಯನ್ನು ಡೆಕ್ಕಿನ ಮೇಲೆಯೇ ಕುಟ್ಟಿ ಒಡೆಯುತ್ತಿದ್ದರು.

"ಅವ್ವಾರ, ನೆಲದ ಮ್ಯಾಲ ಒಡೀರಿ. ನೀರು ಬೇರಿಂಗಿನಾಗ ಇಳೀತದ, ಜಂಗ್ ಹಿಡೀತದ."

"ದೇವ್ರ ನೀರಿಗಿ ಜಂಗ್ ಹಿಡೀತದಂತ! ನಿನ್ನ ನಾಲಿಗಿಗಿ ಇನ್ನಾ ಹಿಡದಿಲ್ಲಲ್ಲ ಕಾಕಾ, ನನಗ ಅದ ಆಶ್ಚರ್ಯ."

ತುಕ್ಕು ಹಿಡಿಯದಂತೆ ಒರೆಸಲೂ ಬಿಡುತ್ತಿರಲಿಲ್ಲ. ಪೂಜೆಯಾದದ್ದು ತಾನಾಗಿ ಉದುರಬೇಕು, ನಾವು ಕೈ ಹಚ್ಚಬಾರದು ಎಂಬುದು ಅವರ ಮನೆತನದ ಪದ್ಧತಿ. ಕಾಯಿ ನೀರು, ಅರಿಷಿಣ, ವಿಭೂತಿ ಎಲ್ಲ ಕಲಸಿ ಸಂದುಗೊಂದಿನಲ್ಲಿ ಗಾರೆಯಾಯಿತು. ವರ್ಷ ವರ್ಷ ಹೀಗೆ ನಡೆದು, ಕೊನೆಗೆ ಒಂದು ಮದುವೆಯ ಮುಂಚೆ ಡೆಕ್ಕು ಒಂದು ಕಡೆ ಜೋತುಬಿದ್ದು ಹುಲ್ಲನ್ನು ಬೇರುಸಮೇತ ಕಿತ್ತಿತು. ಫೋಟೋದಲ್ಲಿ ಮದುಮಗಳ ಹಿಂದೆ ಹುಲ್ಲುಹಾಸು ಕಜ್ಜಿ ಹತ್ತಿದ ನಾಯಿಯಂತೆ ಕಾಣುತ್ತಿತ್ತು.

"ಮುಂದಿನ ಮದುವಿಗಿ ಗಾಲಿಚಾದಂಗ ಕಾಣಬೇಕು ಕಾಕಾ. ಇಲ್ಲಾಂದ್ರ ಎಲ್ಲಾ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸ್ತೀನಿ," ಅಂದರು ಅವ್ವಾರು.

ಬಿಸಿಲಲ್ಲಿ ಸ್ವಂತ ಕೂಸಿನಂತೆ ನೀರು ಕುಡಿಸಿ ಸಾಕಿದ ಹುಲ್ಲು. ಅದು ಹೋದರೆ ಆ ಅಂಗಳದಲ್ಲಿ ನನಗೇನು ಕೆಲಸ?

ಡೆಕ್ಕು ಬಿಚ್ಚಿ ಟಂಟಂ ಆಟೋದಲ್ಲಿ ಹಾಕಿಕೊಂಡು ಹುಮನಾಬಾದಿಗೆ ಹೋದೆ. ಲಾರಿ ಗ್ಯಾರೇಜುಗಳ ಸಾಲಿನಲ್ಲಿ ನನ್ನ ಹಳೆಯ ದೋಸ್ತನ ವೆಲ್ಡಿಂಗ್ ಅಂಗಡಿ. ಅವನು ಡೆಕ್ಕನ್ನು ಎತ್ತಿ ಬಿಸಿಲಿಗೆ ಹಿಡಿದ. ತೂತುಗಳಿಂದ ಬೆಳಕು ಬಂದು ಅವನ ಗಡ್ಡದ ಮೇಲೆ ಬಿತ್ತು.

"ಅರೇ ಭಾಯಿ, ಇದರಾಗ ಏನು ಹಿಟ್ಟು ಸಾಣಸ್ತೀಯೇನು?"

"ನಿನ್ನ ಬುದ್ಧಿ ಸಾಣಸಬೇಕಂತ ತಂದೀನಿ. ಏನೂ ಉಳಿಯೂದಿಲ್ಲ ಬಿಡು."

ನಗುತ್ತಲೇ ಕೆಟ್ಟ ತಗಡು ಕತ್ತರಿಸಿ ಹೊಸ ತುಂಡು ಕೂಡಿಸಿದ. ಹಾಲ್‌ಗೆ ವಾಪಸು ತಂದ ಮೇಲೆ ಉಳಿದದ್ದೆಲ್ಲ ನನ್ನ ಕೈಯ ಕೆಲಸ. ಒಳಗೆ ಅಂಟಿ ಕಲ್ಲಾಗಿದ್ದ ಹುಲ್ಲನ್ನು ಖುರ್ಪಿಯಿಂದ ಕೆರೆದೆ, ಸೀಮೆಎಣ್ಣೆ ಹಾಕಿ ತಂತಿ ಬ್ರಷ್ಷಿನಿಂದ ತಿಕ್ಕಿದೆ, ರೆಡ್ ಆಕ್ಸೈಡ್ ಬಳಿದೆ. ಹಳೆಯ ಬೇರಿಂಗು ಹೊಡೆದು ಹೊರಗೆ ತೆಗೆದಾಗ ಅದರಿಂದ ಕೆಂಪು ಪುಡಿ ಉದುರಿತು. ಜಂಗೋ ಕುಂಕುಮವೋ, ನನಗೂ ತಿಳಿಯಲಿಲ್ಲ. ಹೊಸದನ್ನು ಕೂಡಿಸಿ, ಗ್ರೀಸು ತುಂಬಿ, ಡೆಕ್ಕಿನ ಮುಂಭಾಗ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಕೆಳಗಿರುವಂತೆ ಕಟ್ಟಿದೆ. ಹಾಗಿದ್ದರೇ ಹುಲ್ಲು ಒಮ್ಮೆಗೇ ಕೊಯ್ದುಕೊಂಡು ಹೋಗುತ್ತದೆ.

ಕೊನೆಗೆ ಬ್ಲೇಡಿನ ತೂಕ. ಗೋಡೆಗೆ ಮೊಳೆ ಹೊಡೆದು, ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ಸಿಕ್ಕಿಸಬೇಕು. ಯಾವ ತುದಿ ಕೆಳಗೆ ಬೀಳುತ್ತದೋ ಆ ತುದಿಯನ್ನು ಇನ್ನಷ್ಟು ಅರದಿಂದ ಉಜ್ಜಬೇಕು. ಉಜ್ಜುತ್ತಿದ್ದಾಗ ಅವ್ವಾರು ಬಂದು ಎಡಗಡೆ ನಿಂತರು. ನನ್ನ ತಲೆ ಸುಮ್ಮನಿದ್ದೀತೇ?

"ಅವ್ವಾರ, ಈ ಬ್ಲೇಡ್ ಸುಳ್ಳು ಹೇಳಿದವರ ಕಡೆ ಬೀಳ್ತದ ನೋಡ್ರಿ."

"ಹಂಗಂದ್ರ ನೀ ಅದರ ಬಾಜೂಕ ನಿಂದರಬ್ಯಾಡ."

"ಖರೇ ಹೇಳ್ರಿ. ಹುಲ್ಲು ಛಲೋ ಕಂಡರ ಪ್ಲಾಸ್ಟಿಕ್ ತರೂದಿಲ್ಲಲ್ಲ?"

"ಯಾಕ ತರಲಿ? ತರೂದಿಲ್ಲ ಮಾರಾಯಾ."

ಬ್ಲೇಡು ಮೆಲ್ಲಗೆ ಎಡಕ್ಕೆ ಬಾಗಿತು. ಅವ್ವಾರು ನಕ್ಕರು. ನಾನೂ ನಕ್ಕೆ.

ಮದುವೆಯ ಹಿಂದಿನ ದಿನ ಹುಲ್ಲು ಕೊಯ್ದೆ. ಮಖಮಲ್ಲು ಸ್ವಾಮಿ! ಬೀಗರ ಮಕ್ಕಳು ಉರುಳಾಡಿದರು, ಫೋಟೋದವನು ಮಂಟಪ ಬಿಟ್ಟು ಹುಲ್ಲಿನ ಮೇಲೆಯೇ ಮದುಮಕ್ಕಳನ್ನು ನಿಲ್ಲಿಸಿದ. ಅವ್ವಾರು ನನಗೆ ತಾವೇ ನಿಂತು ಊಟ ಬಡಿಸಿದರು, ಹುಗ್ಗಿಯ ಮೇಲೆ ತುಪ್ಪ ಕೇಳದೆ ಹಾಕಿದರು. ಗೆದ್ದೆ ಅಂದುಕೊಂಡೆ.

ಆ ವಾರವೇ ಲಾರಿ ಬಂತು. ಅದರ ತುಂಬ ಹಸಿರು ಸುರುಳಿಗಳು.

"ಅವ್ವಾರ, ಹುಲ್ಲು ಛಲೋ ಇತ್ತಲ್ರಿ?"

"ಭಾಳ ಛಲೋ ಇತ್ತು ಕಾಕಾ. ಆದ್ರ ಇದು ನೀ ಡೆಕ್ಕು ರಿಪೇರಿಗಿ ಒಯ್ಯೂಕಿಂತ ಮೊದಲ ಹೇಳಿಟ್ಟ ಮಾಲು. ನಿನ್ನ ಮನಸ್ಸು ಯಾಕ ಮುರೀಲಿ ಅಂತ ಸುಮ್ಮನಿದ್ದೆ."

ನನ್ನ ಮನಸ್ಸು ಮುರಿಯಬಾರದೆಂದು ನನ್ನಿಂದ ಅಷ್ಟೆಲ್ಲ ಉಜ್ಜಿಸಿದರು! ಜೀವಮಾನವೆಲ್ಲ ಊರಿಗೆ ಟೋಪಿ ಹಾಕಿದ ನನಗೇ ಹಾಕಿದ ಟೋಪಿ ಇದು. ಅದೂ ತುಪ್ಪ ಬಡಿಸಿ.

ಹುಲ್ಲನ್ನು ಕಿತ್ತು ಎಮ್ಮೆಗಳಿಗೆ ಹಾಕಿದರು. ಟ್ರ್ಯಾಕ್ಟರಿಗೆ ಬಣ್ಣ ಹೊಡೆದು ಗೇಟಿನ ಬಳಿ ನಿಲ್ಲಿಸಿದ್ದಾರೆ. ಮದುವೆಗೆ ಬಂದವರು ಅದರ ಮೇಲೆ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಡೆಕ್ಕು ಚೆಂದ ಕಾಣುವುದಿಲ್ಲವೆಂದು ಬಿಚ್ಚಿ ಮಾರಿದರು. ಒಂದು ದಿನ ದೋಸ್ತನ ಫೋನು ಬಂತು.

"ನಿನ್ನ ಡೆಕ್ಕು ಇಲ್ಲಿ ಗುಜರಿ ಅಂಗಡ್ಯಾಗ ಬಿದ್ದದ. ನನ್ನ ವೆಲ್ಡಿಂಗ್ ನಾನ ಗುರ್ತು ಹಿಡದೆ. ಎತ್ತಿ ಇಡಲೇನು?"

"ಬ್ಯಾಡ," ಅಂದೆ. ಇಟ್ಟುಕೊಂಡು ಏನನ್ನು ಕೊಯ್ಯಲಿ?

ಅವ್ವಾರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ದೊಡ್ಡ ಮನಸ್ಸು. ಈಗ ಪೈಪು ಹಿಡಿದು, ಸಾಬೂನು ಪುಡಿ ಚೆಲ್ಲಿ ಹುಲ್ಲು ತೊಳೆಯುತ್ತೇನೆ. ಅದರ ಮೇಲೆ ಬಿದ್ದ ಸಾರಿನ ಕಲೆ ಹೋಗುವುದಿಲ್ಲ.

ಇದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿ ಹೇಳಿದ್ದು. ಬ್ಲೇಡು ಎಡಕ್ಕೆ ಬಾಗಲಿಲ್ಲ. ಅವ್ವಾರು ತರುವುದಿಲ್ಲ ಅಂದಾಗ ಅದು ಎರಡೂ ಕಡೆ ಸಮನಾಗಿ, ಅಲುಗದೆ ನಿಂತಿತ್ತು. ಅಷ್ಟು ಚೆನ್ನಾಗಿ ಉಜ್ಜಿದ್ದೆ ನಾನು.