ಗೋಡೆ ಒಗ್ಗದ ಮೇಷ್ಟ್ರು
ನಮ್ಮ ಹಳ್ಳಿ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಗೋಡೆ ಎಂದರೆ ಆಗಿಬರುವುದಿಲ್ಲ. ಹಾಜರಿ ಕೂಗುವುದಷ್ಟೇ ಒಳಗೆ, ಕೊನೆಯ ಮಗು ‘ಬಂದಿದೀನಿ ಸಾರ್’ ಎನ್ನುವಷ್ಟರಲ್ಲಿ ತರಗತಿ ಕೆರೆಯ ದಂಡೆಯಲ್ಲಿರುತ್ತದೆ. ಜೇಬಿನಲ್ಲಿ ಸೀಮೆಸುಣ್ಣ ಇಲ್ಲದಿದ್ದರೂ ಭೂತಗನ್ನಡಿ ಇರಲೇಬೇಕು. ಸಂಜೆ ಮನೆಗೆ ವಾಪಸಾದ ಅವರ ಊಟದ ಡಬ್ಬಿಯಲ್ಲಿ ಯಾವ ಹುಳ ಹರಿದಾಡುತ್ತಿದೆಯೋ ಎಂದು ಹೆಂಡತಿ ಅದನ್ನು ಅಂಗಳದಲ್ಲೇ ತೆರೆಯುತ್ತಾರೆ. ‘ಸಿಲಬಸ್ ಮುಗಿಸೋದು ಯಾವಾಗ ಮೇಷ್ಟ್ರೇ?’ ಎಂದು ಹೆಡ್‌ಮಾಸ್ಟರು ತಲೆ ಚಚ್ಚಿಕೊಂಡರೆ, ‘ಕೆರೆ ಮುಗಿದ್ಮೇಲೆ ಸಾರ್’ ಎನ್ನುತ್ತಾರೆ. ಈಗ ಸುತ್ತಲಿನ ಆರು ಶಾಲೆಗಳ ಮಕ್ಕಳೂ ದಂಡೆಗೇ ಬಂದು ಕೂರುವುದರಿಂದ ಹೆಡ್‌ಮಾಸ್ಟರೂ ಸುಮ್ಮನಾಗಿದ್ದಾರೆ. ಮಕ್ಕಳು ಏನೇ ಹೇಳಲಿ, ಮೇಷ್ಟ್ರದು ಒಂದೇ ಮಾತು: ‘ಹೇಳ್ಬೇಡ, ತೋರ್ಸು.’ ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು, ಕೇಳಿದ ಮಗುವಿನ ಹೆಸರಿನ ಸಮೇತ ಬರೆದಿಟ್ಟುಕೊಳ್ಳುತ್ತಾರೆ. ಮೊನ್ನೆ ಮಗುವನ್ನೆತ್ತಿಕೊಂಡು ಬಸ್ ಹತ್ತುತ್ತಿದ್ದ ಹಳೆಯ ವಿದ್ಯಾರ್ಥಿನಿಯನ್ನು ತಡೆದು, ಚೆನ್ನಾಗಿದ್ದೀಯಾ ಎಂದೂ ಕೇಳದೆ, ‘ಬಸವನಹುಳಕ್ಕೆ ಹಲ್ಲಿದ್ಯಾ ಅಂತ ಆರನೇ ಕ್ಲಾಸಲ್ಲಿ ಕೇಳಿದ್ಯಲ್ಲಮ್ಮ, ಇದೆ, ಸಾವಿರಾರು’ ಎಂದರು. ಅದು ಹದಿನಾಲ್ಕು ವರ್ಷದ ಹಿಂದಿನ ಪ್ರಶ್ನೆ. ಅವಳು ಮೆಟ್ಟಿಲಿನಿಂದ ಕೆಳಗಿಳಿದು, ಬಸ್ಸನ್ನು ಹೋಗಲು ಬಿಟ್ಟು, ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡು ಹೇಳಿದಳು: ‘ಹೇಳ್ಬೇಡಿ ಸಾರ್, ತೋರ್ಸಿ.’